ಕುಂತವರಿಗಷ್ಟ ಕಿವಿ

ಸೂರತ್ತಿನಿಂದ ಅವರ ಮಗಳು ಫೋನ್ ಮಾಡಿದಾಗ ನಾನು ಬ್ಯಾಂಕಿನಲ್ಲಿ ಯಾರದೋ ಚೆಕ್ಕಿನ ಸಹಿಯನ್ನು ಹೋಲಿಸಿ ನೋಡುತ್ತಿದ್ದೆ. "ಅವ್ವ ಹೋದ್ಲುರಿ, ಮುಂಜಾನೆ," ಎಂದರು. "ಹೌದಾ," ಎಂದೆ. ಬೇರೇನೋ ಹೇಳಬೇಕಾಗಿತ್ತು. ಅವರು ಇನ್ನೂ ಲೈನಿನಲ್ಲಿರುವಾಗಲೇ ನಾನು ಆ ಚೆಕ್ಕಿಗೆ ಟಿಕ್ ಹಾಕಿ ಪಕ್ಕಕ್ಕಿಟ್ಟೆ. ಸಹಿ ಸರಿಯಾಗಿತ್ತೋ ಇಲ್ಲವೋ ಆಮೇಲೆ ಮತ್ತೊಮ್ಮೆ ನೋಡಬೇಕಾಯಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಅದಕ್ಕೆ ಒಂದು ಕಲೆ ಅಂಟಿತ್ತು, ಅದನ್ನು ಅಂಟಿಸಿದವನು ನಾನು. ಹೆಸರಿಲ್ಲದೆ ಬರೆದರೆ ಒಂದಿಷ್ಟು ನಿಜ ಬರೆದೇನು ಎಂಬ ಆಸೆ. ಅವರ ಬಗ್ಗೆ ಐದಾರು ವರ್ಷಗಳಿಂದ ನಾನು ಹೇಳಿಕೊಂಡು ಬಂದ ಕಥೆ ಒಂದಿದೆ, ಅದು ಚೆನ್ನಾಗಿದೆ, ಕೇಳಿದವರು ತಲೆದೂಗುತ್ತಾರೆ. ಆ ಕಥೆಯ ಮೇಲೆ ನನಗೆ ನಂಬಿಕೆ ಹೋಗಿದೆ.

ವಡೋದರಾದ ಮಂಜಲ್‌ಪುರದಲ್ಲಿ ಹಿಟ್ಟಿನ ಗಿರಣಿಯೊಂದರ ಮೇಲೆ ಎರಡು ಕೋಣೆಗಳಲ್ಲಿ ನಮ್ಮ ಪುಟ್ಟ ಕನ್ನಡ ಸಂಘ ಇತ್ತು. ವರ್ಗವಾಗಿ ಬಂದ ನನ್ನಂಥ ಬ್ಯಾಂಕಿನವರು, ರೈಲ್ವೆಯವರು, ಮಕರಪುರದ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಕೆಲವರು, ಹೋಟೆಲಿನವರು, ಎಲ್ಲ ಸೇರಿ ಅರವತ್ತು ಮನೆ. ಹೋಟೆಲಿನ ಶೆಟ್ಟರು ಅಧ್ಯಕ್ಷರು, ನಾನು ಕಾರ್ಯದರ್ಶಿ. ನಾನು ಬರೆಯುತ್ತಿರುವ ಇವರು ಯಾವ ಹುದ್ದೆಯಲ್ಲೂ ಇರಲಿಲ್ಲ. ಗದಗಿನ ಕಡೆಯವರು. ಮದುವೆಯಾಗಿ ಬಂದು ದೂರವಾಣಿ ಕಚೇರಿಯಲ್ಲಿ ಪರ ಊರಿನ ಕರೆಗಳನ್ನು ಕೂಡಿಸುವ ಟ್ರಂಕ್ ಬೋರ್ಡಿನ ಮುಂದೆ ಆಪರೇಟರ್ ಆಗಿ ಕೂತವರು. ಬೋರ್ಡು ಹೋಗಿ ಕರೆಗಳೆಲ್ಲ ತಾವಾಗಿಯೇ ಕೂಡತೊಡಗಿದ ಮೇಲೆ ದೂರು ಬರೆದುಕೊಳ್ಳುವ ವಿಭಾಗಕ್ಕೆ ಹಾಕಿದರಂತೆ. ಅಲ್ಲಿ ಕಂಪ್ಯೂಟರ್ ಕಲಿತರು. ನಿವೃತ್ತರಾದ ಮೇಲೆ ಮಗಳ ಕಾಲೇಜು ಪುಸ್ತಕಗಳನ್ನು ಓದಿ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಕಲಿತರು. ಯಾರೋ ಕೊಟ್ಟ ಹಳೆಯ ಕಂಪ್ಯೂಟರಿಗೆ ಅದನ್ನು ಹಾಕಿ ಸಂಘದ ಮೂಲೆಯಲ್ಲಿ ನಿಲ್ಲಿಸಿದವರು ಅವರೇ.

ಅವರು ಗಿಡ್ಡಕ್ಕಿದ್ದರೆಂದು ನನ್ನ ನೆನಪು. ಸಂಘದ ಒಂದು ಫೋಟೋದಲ್ಲಿ ನನಗಿಂತ ಎತ್ತರಕ್ಕೆ ಕಾಣುತ್ತಾರೆ. ಫೋಟೋ ತೆಗೆದಾಗ ನಾನು ಮೆಟ್ಟಿಲಿನ ಕೆಳಗೆ ನಿಂತಿದ್ದಿರಬಹುದು.

ಖಚಿತವಾಗಿ ನೆನಪಿರುವುದು ಫ್ಯಾನು. ಧ್ವನಿ ಬರುತ್ತಿಲ್ಲ ಎಂದು ಯಾರು ದೂರು ಕೊಟ್ಟರೂ ಅವರು ಮೊದಲು ಹೇಳುತ್ತಿದ್ದದ್ದು, "ಫ್ಯಾನ್ ಬಂದ್ ಮಾಡ್ರಿ." ವಡೋದರಾದ ಮೇ ತಿಂಗಳಲ್ಲಿಯೂ ಅಷ್ಟೇ. ನಾವೆಲ್ಲ ಬೆವರು ಒರೆಸಿಕೊಳ್ಳುತ್ತ ನಿಂತಿರುವಾಗ ಅವರು ಹೆಡ್‌ಫೋನಿನ ಒಂದು ಕಡೆಯನ್ನು ಎಡಗಿವಿಗೆ, ಇನ್ನೊಂದನ್ನು ಕೆನ್ನೆಯ ಮೂಳೆಗೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಕೆಳಗಿನ ಗಿರಣಿಯ ಗುರ್ರನ್ನುವ ಸದ್ದು ಮಾತ್ರ ಉಳಿಯುತ್ತಿತ್ತು, ಅದನ್ನು ಬಂದ್ ಮಾಡಿಸುವ ಅಧಿಕಾರ ಅವರಿಗಿರಲಿಲ್ಲ.

"ಸತ್ತ ಸ್ಪೀಕರ್ ಬ್ಯಾರೆ, ಸುಮ್ಮನಿರಿಸಿದ ಸ್ಪೀಕರ್ ಬ್ಯಾರೆ," ಎಂದು ಆಮೇಲೆ ಹೇಳುವರು. "ಇದು ಸತ್ತಿಲ್ಲ. ಇದಕ್ಕ ಮಾತಾಡಾಕ ಯಾರೂ ಹ್ಞೂಂ ಅಂದಿಲ್ಲ."

ನಾವು ಸ್ಪೀಕರಿನ ತಂತಿ ಎಳೆದು ನೋಡುತ್ತಿದ್ದೆವು, ಹೊಸದು ಕೊಳ್ಳೋಣವೆನ್ನುತ್ತಿದ್ದೆವು. ಅವರು ಎರಡು ಸಾಲು ಟೈಪ್ ಮಾಡಿ ಧ್ವನಿಯ ಸಾಧನ ಈಗ ಯಾರ ವಶದಲ್ಲಿದೆ, ಯಾರಿಗೆ ಅನುಮತಿ ಇದೆ ಎಂದು ನೋಡುವರು. ಹೆಚ್ಚಿನ ಸಲ ತೊಂದರೆ ಅಷ್ಟೇ ಇರುತ್ತಿತ್ತು, ಧ್ವನಿ ಬೇಕಾದವರ ಹೆಸರು ಅನುಮತಿಯ ಪಟ್ಟಿಯಲ್ಲಿ ಇರುತ್ತಿರಲಿಲ್ಲ.

ಶೆಟ್ಟರ ಹೋಟೆಲಿನ ಬಿಲ್ಲಿನ ಕಂಪ್ಯೂಟರನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಗಲ್ಲಾಪೆಟ್ಟಿಗೆಯ ಹತ್ತಿರ ದೇವರ ಹಾಡು ಹಾಕಲಿಕ್ಕೆ ಆಗುತ್ತಿಲ್ಲವೆಂದು ಶೆಟ್ಟರು ಕರೆಸಿದಾಗ ನಾನೂ ಇದ್ದೆ.

"ಅಕ್ಕ, ಎಲ್ಲರಿಗೂ ಎಲ್ಲ ಓಪನ್ ಮಾಡಿ ಬಿಡಿ. ಒಂದು ಸಲ ಮಾಡಿದ್ರೆ ಮುಗೀತಲ್ಲ ಮಾರಾಯ್ತಿ," ಎಂದರು ಶೆಟ್ಟರು.

"ನಿಮ್ಮ ಅಡಗಿಮನಿ ಬಾಗಿಲ ಎಲ್ಲಾರಿಗೂ ತಗದ ಇಡ್ತೀರೇನು?"

"ಅದು ಬೇರೆ."

"ಅದ ಇದು."

ಶೆಟ್ಟರಿಗೆ ಅವರನ್ನು ಕೆಣಕದೆ ಇದ್ದರೆ ತಿಂಡಿ ಇಳಿಯುತ್ತಿರಲಿಲ್ಲ. "ಅಕ್ಕನಿಗೆ ಊರಿನ ಗುಟ್ಟೆಲ್ಲ ಗೊತ್ತುಂಟು. ಮೂವತ್ತು ವರ್ಷ ಕೇಳಿದ್ದಲ್ವಾ? ಒಂದಾದ್ರೂ ಹೇಳಿ, ನೋಡುವ."

"ಒಂದ ಹೇಳತೀನಿ. ನೀವು ಸಾಂಬಾರಿಗೆ ಬೆಲ್ಲ ಹಾಕ್ತೀರಿ."

"ಅದು ಗುಜರಾತಿಗಳಿಗೋಸ್ಕರ!"

"ನಾ ಯಾರಿಗೂ ಹೇಳಂಗಿಲ್ಲ," ಎಂದು ಅವರು ದೋಸೆ ಮುರಿದರು.

ಟ್ರಂಕ್ ಬೋರ್ಡಿನ ಬಗ್ಗೆ ಅವರು ತಾವಾಗಿ ಮಾತಾಡಿದ್ದು ಕಡಿಮೆ. ಕೇಳಿದರೆ ಹೇಳುತ್ತಿದ್ದರು. ಎರಡೂ ಕಡೆಯವರ ದನಿ ಕೂಡಿತೋ ಇಲ್ಲವೋ ಎಂದು ನೋಡಲು ಆಪರೇಟರಿಗೆ ಒಂದು ಕೀಲಿ ಇರುತ್ತಿತ್ತಂತೆ. ಅದನ್ನು ಒತ್ತಿ, 'ಹಲೋ' ಅನ್ನುವುದು ಇಬ್ಬರಿಗೂ ಕೇಳಿಸಿದ್ದು ತಿಳಿದ ಕೂಡಲೇ ಬಿಡಬೇಕು. ಬಿಡದೆ ಕೂತವರೂ ಇದ್ದರು. "ಮಧ್ಯಾಹ್ನದ ಪಾಳಿಯೊಳಗ ಕೆಲವರಿಗೆ ಅದ ಸಿನೆಮಾ. ನಾ ಬಿಡ್ತಿದ್ದೆ." ಬಿಡುತ್ತಿದ್ದರು ಎಂಬುದನ್ನು ಸಂಘದಲ್ಲಿ ಅರ್ಧ ಜನ ನಂಬುತ್ತಿರಲಿಲ್ಲ. ಅವರಿಗೆ ಅದೊಂದೇ ಹೆಮ್ಮೆ ಎಂದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಸೀರೆ, ಮನೆ, ಮಗಳ ಅಂಕ ಯಾವುದರ ಬಗ್ಗೆ ಬೇಕಾದರೂ ತಮಾಷೆ ಮಾಡಬಹುದಿತ್ತು. ಕದ್ದು ಕೇಳಿದರು ಎಂದು ನಿಜವಾಗಿ ಯಾರಾದರೂ ಅಂದರೆ ಮುಖ ಬಿಳಚಿಕೊಳ್ಳುತ್ತಿತ್ತು.

ಅವರ ಮಾವ ತೀರಿಕೊಂಡ ಸುದ್ದಿ ಗದಗಿನಿಂದ ಮಕರಪುರದ ಕಾರ್ಖಾನೆಗೆ, ಅವರ ಗಂಡನಿಗೆ, ಅವರದೇ ಬೋರ್ಡಿನ ಮೂಲಕ ಹೋಯಿತೆಂದೂ, ಲೈನು ಕೂಡಿಸಿದ ಅವರು ಕೀಲಿ ಬಿಟ್ಟು ಮುಂದಿನ ಕರೆಗೆ ಹೋದರೆಂದೂ, ಸಂಜೆ ಮನೆಗೆ ಬಂದಾಗಲೇ ಸಾವು ತಿಳಿಯಿತೆಂದೂ ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಅವರ ಎದುರಿಗೇ ಹೇಳಿದೆ ಒಮ್ಮೆ. ಅವರು ತಡೆದರು.

"ಮಾವ ಅಲ್ರಿ. ನಮ್ಮಪ್ಪ."

ಮಿಕ್ಕದ್ದನ್ನೂ ಅವರೇ ಹೇಳಿದರು. ಫೋನು ಮಾಡಿದ್ದು ಅವರ ಅಣ್ಣ. ಅಣ್ಣನ 'ಹಲೋ' ಕೇಳಿಸಿತ್ತು, ದನಿಯ ಗುರುತೂ ಹತ್ತಿತ್ತು, ಆದರೂ ಬಿಟ್ಟರು. ನನಗೆ ಇದನ್ನು ತಪ್ಪಾಗಿ ಯಾರು ಹೇಳಿದ್ದರೋ, ಅಥವಾ ನಾನೇ ಸುಲಭ ಮಾಡಿಕೊಂಡಿದ್ದೆನೋ.

ಇನ್ನು ಸುನೀತಾ. ವಡೋದರಾದಲ್ಲೇ ಹುಟ್ಟಿ ಬೆಳೆದವಳು, ರೈಲ್ವೆಯವರ ಮಗಳು, ಆಗ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದಳು. ಭಾನುವಾರ ಬೆಳಿಗ್ಗೆ ನಮ್ಮ ಮಕ್ಕಳಿಗೆ ಕನ್ನಡ ತರಗತಿ ನಡೆಸುತ್ತಿದ್ದಳು. ಅವಳಿಗಿಂತ ಮೊದಲು ನಡೆಸಿದವರು ವ್ಯಾಕರಣದಿಂದ ಶುರುಮಾಡಿ ಮಕ್ಕಳನ್ನು ಓಡಿಸಿದ್ದರು. ಇವಳು ಕುಣಿಸಿ, ಹಾಡಿಸಿ, ತರಕಾರಿ ಅಂಗಡಿ ಆಡಿಸಿ ಮಾತಾಡಿಸುತ್ತಿದ್ದಳು. ನನ್ನ ಮಗ ಮೊದಲ ಸಲ ನನಗೆ ಕನ್ನಡದಲ್ಲಿ ಎದುರು ಮಾತಾಡಿದ್ದು ಅವಳ ತರಗತಿಯಿಂದ ಬಂದ ದಿನ.

ಸಂಘದ ಕಂಪ್ಯೂಟರಿನಲ್ಲಿ ಒಳಹೋಗಲು ಮೂರು ಹೆಸರುಗಳಿದ್ದವು. ಒಂದು ತರಗತಿಯದು, ಸುನೀತಾ ಹಾಡು ಕೇಳಿಸಲು ತೆರೆಯುತ್ತಿದ್ದಳು. ಒಂದು ನನ್ನದು. ಇನ್ನೊಂದು ಅವರದು, ಯಂತ್ರದ ಏನನ್ನಾದರೂ ಬದಲಾಯಿಸಲು ಆಗುತ್ತಿದ್ದದ್ದು ಅದರಿಂದ ಮಾತ್ರ. ಅದರ ಪಾಸ್‌ವರ್ಡನ್ನು ಒಂದು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಅಂಟಿನ ಮೇಲೆ ಅವರ ಸಹಿ ಮಾಡಿಸಿ ನಾನು ಸಂಘದ ಕಪಾಟಿನಲ್ಲಿ ಇಟ್ಟಿದ್ದೆ. ಬ್ಯಾಂಕಿನಲ್ಲಿ ತಿಜೋರಿಯ ಎರಡನೆಯ ಬೀಗದಕೈಯನ್ನು ಹಾಗೆ ಇಡುತ್ತೇವೆ. ಅವರು ಇಲ್ಲದಾಗ ಯಂತ್ರ ಕೆಟ್ಟರೆ ಬೇಕಾದೀತು ಎಂಬುದು ನನ್ನ ವಾದ. ಅವರು ನಕ್ಕು ಸಹಿ ಹಾಕಿದ್ದರು.

ಆ ವರ್ಷದ ವಾರ್ಷಿಕ ಕೂಟಕ್ಕೆ ನನಗೊಂದು ಯೋಜನೆ ಹೊಳೆಯಿತು. ಸಂಘ ಕಟ್ಟಿದ ಹಿರಿಯರು ಹಾಡಿದ್ದ ಒಂದು ಹಳೆಯ ಕ್ಯಾಸೆಟ್ ಸಿಕ್ಕಿತ್ತು. ಅದನ್ನು ಕಂಪ್ಯೂಟರಿಗೆ ಇಳಿಸಿ ಎಲ್ಲರಿಗೂ ಕೇಳಿಸಬೇಕು. ಟೇಪ್‌ರೆಕಾರ್ಡರಿನ ತಂತಿ ಹಾಳಾಗಿತ್ತು, ಹಾಗಾಗಿ ಅದನ್ನು ಮೈಕಿನ ಮುಂದೆ ಇಟ್ಟು ಓಡಿಸಿದೆ. ಅರ್ಧಕ್ಕೆ ಸುನೀತಾ ಬಂದು ತರಗತಿಯ ಹೆಸರಿನಲ್ಲಿ ಕಂಪ್ಯೂಟರ್ ತೆರೆದಳು. ಸಂಜೆ ನೋಡಿದರೆ ಅಲ್ಲಿಂದ ಮುಂದೆ ನನ್ನ ರೆಕಾರ್ಡಿಂಗು ಬರೀ ಮೌನ. ಮುಂದಿನ ವಾರವೂ ಹಾಗೆಯೇ ಆಯಿತು.

ಅವರನ್ನು ಕೇಳಿದೆ.

"ಅದು ಕೆಟ್ಟಿಲ್ಲ ಸಾಹೇಬ್ರ. ಬರೋಬ್ಬರಿ ಕೆಲಸ ಮಾಡಾಕತ್ತದ," ಎಂದರು. "ಯಂತ್ರದ ಮುಂದ ಯಾರ ಕುಂತಾರೋ ಮೈಕು ಅವರದು. ಎದ್ದು ಹೋದವರಿಗೆ ಇಲ್ಲ. ಕುಂತವರಿಗಷ್ಟ ಕಿವಿ."

"ನನ್ನ ಹೆಸರನ್ನ ಆಡಿಯೋ ಗುಂಪಿಗೆ ಸೇರಿಸಿದ್ರೆ ಆಗುತ್ತಂತೆ. ಇಂಟರ್‌ನೆಟ್ಟಿನಲ್ಲಿ ಒಂದೇ ಸಾಲು ಕೊಟ್ಟಿದಾರೆ."

"ಗೊತ್ತದ. ಸೇರಿಸಿದ್ರ ಯಾರ ಕುಂತಿದ್ರೂ ಹಿಂದಿನಿಂದ ನಿಮ್ಮದು ಕೇಳಸ್ಕೊಂತನ ಇರತದ. ಕುಂತವರಿಗೆ ತಿಳಿಯಂಗಿಲ್ಲ. ಬ್ಯಾಡ."

"ಒಂದು ಕ್ಯಾಸೆಟ್ಟಿಗೆ ಇಷ್ಟು ಕಟ್ಟುನಿಟ್ಟಾ ಮೇಡಂ?"

"ನೀವು ಬ್ಯಾಂಕಿನಾಗ ಒಂದ ಸಹಿ ಬಿಟ್ಟು ಚೆಕ್ ಪಾಸ್ ಮಾಡ್ತೀರೇನು?"

ನನಗೆ ಸಿಟ್ಟು ಬಂತು. ಸಮಿತಿಯಲ್ಲಿ ಎಲ್ಲರೆದುರು ದೂರಿದೆ ಕೂಡ. ಯಂತ್ರ ಸಂಘದ್ದು, ಅನುಮತಿ ಮಾತ್ರ ಒಬ್ಬರದು ಎಂದೆ. ಶೆಟ್ಟರು ನಕ್ಕು, "ಬೋರ್ಡಿನ ಬುದ್ಧಿ, ಬಿಡಿ," ಎಂದರು.

ಕೂಟಕ್ಕೆ ಒಂದು ವಾರ ಇರುವಾಗ, ಶನಿವಾರ ಮಧ್ಯಾಹ್ನ, ಗಿರಣಿ ಊಟಕ್ಕೆ ನಿಂತು ನಾನೊಬ್ಬನೇ ಇದ್ದಾಗ ಲಕೋಟೆ ಬಿಚ್ಚಿದೆ. ಹರಿಯಲಿಲ್ಲ, ಕೆಟಲ್ಲಿನ ಹಬೆಗೆ ಹಿಡಿದು ಬಿಚ್ಚಿದೆ. ಹಬೆಗೆ ಹಿಡಿದವನಿಗೆ ತಾನು ಮಾಡುವುದೇನೆಂದು ಗೊತ್ತಿರುತ್ತದೆ, ಅವಸರದಲ್ಲಿ ಮಾಡಿದೆ ಎಂದು ಹೇಳುವಂತಿಲ್ಲ. ಅವರ ಹೆಸರಿನಲ್ಲಿ ಒಳಹೊಕ್ಕು ಆ ಒಂದು ಸಾಲು ಟೈಪ್ ಮಾಡಿ, ಆಡಿಯೋ ಗುಂಪಿಗೆ ನನ್ನ ಹೆಸರು ಸೇರಿಸಿ, ಹೊರಬಂದು, ನನ್ನ ಹೆಸರಿನಲ್ಲಿ ಮತ್ತೆ ತೆರೆದು, ರೆಕಾರ್ಡಿಂಗು ಶುರುಮಾಡಿ ಕ್ಯಾಸೆಟ್ ಒತ್ತಿದೆ. ಲಕೋಟೆಯನ್ನು ಮತ್ತೆ ಅಂಟಿಸಿದೆ. ಬ್ಯಾನರ್ ತರಲು ಪ್ರೆಸ್ಸಿಗೆ ಹೋದೆ. ಅಲ್ಲಿ ತಡವಾಯಿತು.

ಮರಳಿದಾಗ ಕೋಣೆ ಖಾಲಿ. ರೆಕಾರ್ಡಿಂಗು ಇನ್ನೂ ಓಡುತ್ತಿತ್ತು. ಕ್ಯಾಸೆಟ್ಟಿನ ಒಂದು ಬದಿ ಮುಕ್ಕಾಲು ಗಂಟೆಯದು, ಪರದೆಯ ಮೇಲೆ ಎರಡು ಗಂಟೆ ಚಿಲ್ಲರೆ ಎಂದಿತ್ತು. ಅದನ್ನು ನೋಡಿದ ನೆನಪಿದೆ. ನೋಡಿರಲಿಲ್ಲ ಎಂಬ ನೆನಪೂ ಇದೆ. ಎರಡೂ ಅಷ್ಟೇ ಸ್ಪಷ್ಟವಾಗಿವೆ. ಮೊದಲ ಎರಡು ಹಾಡು ಕೇಳಿ, ಚೆನ್ನಾಗಿ ಬಂದಿದೆಯೆಂದು ಹಾಗೆಯೇ ಉಳಿಸಿದೆ.

ಕೂಟ ನಡೆದದ್ದು ಒಂದು ಶಾಲೆಯ ಸಭಾಂಗಣದಲ್ಲಿ, ಕಂಪ್ಯೂಟರನ್ನೂ ಅಲ್ಲಿಗೆ ಹೊತ್ತು ತಂದಿದ್ದೆವು. ನಮ್ಮಲ್ಲಿ ಏನೇ ಮಾಡಿದರೂ ಯಾರಿಗಾದರೂ ಕೃತಜ್ಞತೆ ಹೇಳಲೇಬೇಕು. ನಾನು ಮೈಕಿನ ಮುಂದೆ ನಿಂತು, ಹಳೆಯ ಕ್ಯಾಸೆಟ್ಟನ್ನು ಉಳಿಸಿಕೊಟ್ಟ ಶ್ರಮ ಮೇಡಂ ಅವರದು, ಅವರು ಕೊನೆಗೂ ಮನಸ್ಸು ಮಾಡಿದರು ಎಂದೆ. ಜನ ಚಪ್ಪಾಳೆ ತಟ್ಟಿದರು. ಲಕೋಟೆಯನ್ನು ಮುಚ್ಚಿಡಲು ಆಡಿದ ಮಾತೋ, ಅವರನ್ನು ಒಲಿಸಲು ಆಡಿದ್ದೋ, ಹೇಳಲಾರೆ. ಎರಡನೆಯ ಸಾಲಿನಲ್ಲಿ ಕೂತಿದ್ದ ಅವರು ಚಪ್ಪಾಳೆಗೆ ಕೈ ಮುಗಿಯಲಿಲ್ಲ. ನನ್ನನ್ನು ನೋಡಿದರು.

ಹಾಡುಗಳು ಮುಗಿದವು. ಕೆಲವರು ಕಣ್ಣೊರೆಸಿಕೊಂಡರು. ಚಹಾ ಬಂತು. ಕಂಪ್ಯೂಟರನ್ನು ಯಾರೂ ನಿಲ್ಲಿಸಲಿಲ್ಲ, ಸದ್ದಿಲ್ಲವಲ್ಲ, ಮುಗಿದಿದೆ ಎಂದುಕೊಂಡೆವು. ಚಹಾ ಅರ್ಧವಾಗಿದ್ದಾಗ ದೊಡ್ಡ ಸ್ಪೀಕರುಗಳಿಂದ ಗಿರಣಿಯ ಸದ್ದು ಬಂತು. ಅದರ ಮೇಲೆ ಅವರ ದನಿ.

"ಇದು?"

"ಝ? ನಹೀ, ಯ."

"ಮ. ಇದು ಮ. ಇಲ್ಲೇ ಎಡವತಿ ನೋಡು ಯಾವಾಗ್ಲೂ."

"ಆಂಟಿ, ಗುಜರಾತಿ ಅಕ್ಷರದಲ್ಲಿ ಬರ್ಕೊಂಡ್ರೆ ಬಸ್, ಫಟಾಫಟ್ ಓದ್ತೀನಿ. ಇದು ತಲೆಗೇ ಹೋಗಲ್ಲ."

"ನಾಳೆ ಹುಡುಗ್ರು ಬೋರ್ಡಿನ ಮ್ಯಾಲ ಬರೀರಿ ಟೀಚರ್ ಅಂದ್ರ?"

"ಹಾಡು ಶುರು ಮಾಡ್ಬಿಡ್ತೀನಿ."

ಇಬ್ಬರೂ ನಕ್ಕದ್ದು ಕೇಳಿಸಿತು. ಸಭಾಂಗಣವೂ ನಕ್ಕಿತು. ಸುನೀತಾಳ ದನಿ ಸ್ವಲ್ಪ ಸಣ್ಣದಾಯಿತು.

"ಆಂಟಿ, ಯಾರಿಗೂ ಹೇಳಲ್ಲ ಅಲ್ವಾ?"

"ಮೂವತ್ತ ವರ್ಷ ಯಾರದೂ ಹೇಳಿಲ್ಲ. ನಿನ್ನ ಒಂದು ಮ ಹೇಳತೀನೇನ ಅವ್ವಿ?"

ಕನ್ನಡ ಕಲಿಸುವವಳಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಎರಡು ವರ್ಷ ಪಾಠಗಳನ್ನು ಗುಜರಾತಿ ಲಿಪಿಯಲ್ಲಿ ಬರೆದುಕೊಂಡು ನಡೆಸಿದ್ದಳು. ಇವರೊಬ್ಬರಿಗೆ ಅದು ಗೊತ್ತಿತ್ತು, ಶನಿವಾರ ಮಧ್ಯಾಹ್ನ ಯಾರೂ ಇಲ್ಲದಾಗ ಅವಳನ್ನು ಕೂರಿಸಿಕೊಂಡು ಪರದೆಯ ಮೇಲೆ ಒಂದೊಂದೇ ಅಕ್ಷರ ಕಲಿಸುತ್ತಿದ್ದರು. ಆ ದಿನವೂ ತರಗತಿಯ ಹೆಸರಿನಲ್ಲಿ ಯಂತ್ರ ತೆರೆದು ಕೂತಿದ್ದಾರೆ. ನಾನು ಹಿಂದೆ ಏನನ್ನಾದರೂ ಓಡಿಸಿಟ್ಟು ಹೋಗಿದ್ದರೂ ಮೈಕು ತಮ್ಮ ಕೈಯಲ್ಲಿದೆ ಎಂಬ ಭರವಸೆಯಿಂದ ಕೂತಿದ್ದಾರೆ.

ಅವರು ಎದ್ದು ಹೋಗಿ ಸ್ಪೀಕರಿನ ತಂತಿಯನ್ನು ಕಿತ್ತರು.

"ಟೀಚರಿಗೇ ಟ್ಯೂಷನ್ನಾ?" ಎಂದು ಯಾರೋ ಅಂದರು. ನಗು ಇನ್ನೊಂದು ಸುತ್ತು ಹೋಯಿತು. ಯಾರೂ ಕೆಟ್ಟವರಲ್ಲ. ಬೈದಿದ್ದರೆ ಆ ಹುಡುಗಿ ತಡೆದುಕೊಳ್ಳುತ್ತಿದ್ದಳು. ಕೈಯಲ್ಲಿ ಬಿಸ್ಕತ್ತಿನ ತಟ್ಟೆ ಹಿಡಿದು ಅವಳು ನೋಡುತ್ತಿದ್ದದ್ದು ನಗುವವರನ್ನಲ್ಲ.

"ರೆಕಾರ್ಡ್ ಮಾಡ್ತಿದ್ರಾ ಆಂಟಿ?"

"ಇಲ್ಲವ್ವಾ."

"ಅಕ್ಕ, ಇದೆಂತ ಮಾಡಿದ್ದು ನೀವು," ಎಂದರು ಶೆಟ್ಟರು, ಈ ಸಲ ನಗದೆ. "ಅದರ ಪರ್ಮಿಷನ್ ಎಲ್ಲ ನಿಮ್ಮ ಕೈಯಲ್ಲಿ ಮಾತ್ರ ಇರುದಲ್ವಾ?" ಅದು ಎಲ್ಲರಿಗೂ ಗೊತ್ತಿತ್ತು, ನಾನೇ ಸಮಿತಿಯಲ್ಲಿ ದೂರಿದ್ದೆ. ಕ್ಯಾಸೆಟ್ ಇಳಿಸಿದ್ದು ಅವರೇ ಎಂದು ಅದೇ ಬೆಳಿಗ್ಗೆ ನಾನೇ ಸಾರಿದ್ದೆ.

ಸುನೀತಾ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ಹೊರಟುಹೋದಳು.

ನಾನು ಹೇಳಿಕೊಂಡು ಬಂದ ಕಥೆಯಲ್ಲಿ ಇಲ್ಲಿ ನಾನು ಎದ್ದು ನಿಲ್ಲುತ್ತೇನೆ. "ಮೇಡಂ ಅಂಥವರಲ್ಲ, ಎಲ್ಲೋ ತಾಂತ್ರಿಕ ದೋಷ ಆಗಿದೆ," ಎನ್ನುತ್ತೇನೆ. ತಪ್ಪು ನನ್ನದೆಂದು ನನ್ನ ಕಥೆಯಲ್ಲೂ ನಾನು ಹೇಳುವುದಿಲ್ಲ, ಆದರೆ ಎದ್ದು ನಿಲ್ಲುತ್ತೇನೆ, ದನಿ ನಡುಗುತ್ತದೆ. ಕಳೆದ ವರ್ಷ ಶೆಟ್ಟರ ಹೋಟೆಲಿನಲ್ಲಿ ಈ ಮಾತು ತೆಗೆದೆ.

"ನೀವಾ?" ಎಂದರು ಶೆಟ್ಟರು. "ನೀವೆಂತ ಹೇಳಿದ್ದು? ನೀವು ಚಾ ಕಪ್ ಹೆಕ್ತಾ ಇದ್ರಿ."

"ನಾನು ಎದ್ದು ನಿಂತು ಮಾತಾಡಿದೆ ಶೆಟ್ರೇ."

"ಮಾತಾಡಿದ್ರೆ ನನಗೆ ಗೊತ್ತಾಗುದಿಲ್ವಾ? ಟ್ರೇ ತುಂಬ ಕಪ್ ಹಿಡ್ಕೊಂಡು ಹಿಂದಿನ ಬಾಗಿಲಲ್ಲಿ ಹೋದದ್ದು ನೀವು. ಪಾಪ, ಕಾರ್ಯದರ್ಶಿ ಆದ್ರೂ ಕಪ್ ಹೆಕ್ತಾರೆ ಅಂತ ಹೆಂಡತಿ ಹತ್ರ ಹೇಳಿದ್ದೆ ನಾನು."

ಅವರು ಹೇಳಿದ ಮೇಲೆ ಕಪ್ಪುಗಳು ಕಾಣಿಸತೊಡಗಿವೆ. ಬಿಳಿ ಬಣ್ಣದವು, ಒಂದರ ಕಿವಿ ಮುರಿದಿತ್ತು. ಇದೂ ಶೆಟ್ಟರು ಹೇಳಿದ್ದರಿಂದ ನಾನು ಕಟ್ಟಿಕೊಂಡದ್ದಿರಬಹುದು. ಆದರೂ ಎದ್ದು ನಿಂತ ಚಿತ್ರಕ್ಕಿಂತ ಇದು ನನ್ನನ್ನು ಹೆಚ್ಚು ಹೋಲುತ್ತದೆ.

ಸುನೀತಾ ಮತ್ತೆ ಬರಲಿಲ್ಲ. ಒಂದೆರಡು ತಿಂಗಳಲ್ಲಿ ಅಹಮದಾಬಾದಿನ ನರೋಡಾದಲ್ಲಿ ಒಂದು ರಾಸಾಯನಿಕ ಕಾರ್ಖಾನೆಯ ಲ್ಯಾಬಿಗೆ ಸೇರಿದಳೆಂದು ತಿಳಿಯಿತು. ತರಗತಿಗೆ ಬೇರೆ ಯಾರೂ ಸಿಗಲಿಲ್ಲ. ನನ್ನ ಮಗನಿಗೆ ಈಗ ಹದಿನೈದು, ನನ್ನೊಡನೆ ಹಿಂದಿಯಲ್ಲಿ ಜಗಳವಾಡುತ್ತಾನೆ. ಮೇಡಂ ಕಂಪ್ಯೂಟರನ್ನು ಒಮ್ಮೆ ತೆರೆದು ಏನೋ ಸರಿಮಾಡಿ, ಸಂಘದ ಬೀಗದಕೈಯನ್ನು ಶೆಟ್ಟರ ಗಲ್ಲಾಪೆಟ್ಟಿಗೆಯ ಮೇಲಿಟ್ಟು, ಆ ದೀಪಾವಳಿಯ ಹೊತ್ತಿಗೆ ಸೂರತ್ತಿಗೆ, ಮಗಳ ಮನೆಗೆ ಹೋದರು. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿದೆವು. ಹಿಂದಿನ ಸಾಲಿನಲ್ಲಿ ಯಾರೋ, ಫೋನು ಎಲ್ಲ ಒಳಗಿಡಿ, ಆಪರೇಟರ್ ಇದ್ದಾರೆ ಎಂದು ಪಿಸುಗುಟ್ಟಿದರು. ಅವರ ಕಿವಿ ಚುರುಕು. ಶಾಲಿನ ಮಡಿಕೆಯನ್ನು ಸರಿಮಾಡಿಕೊಳ್ಳುತ್ತ ನಿಂತರು.

ಎರಡು ವರ್ಷದ ಮೇಲೆ ಸೂರತ್ತಿನ ಶಾಖೆಯೊಂದರ ತಪಾಸಣೆಗೆ ಹೋದವನು ಅವರ ಮಗಳ ಮನೆ ಹುಡುಕಿಕೊಂಡು ಹೋದೆ. ಎಲ್ಲವನ್ನೂ ಹೇಳಬೇಕೆಂದೇ ಹೋಗಿದ್ದೆ, ರೈಲಿನಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಅವರು ಅವರೆಕಾಯಿ ಬಿಡಿಸುತ್ತ ಕೂತಿದ್ದರು. ನಾನು ಲಕೋಟೆ ಎನ್ನುವಷ್ಟರಲ್ಲಿ ಅವರು ತಲೆಯಾಡಿಸಿದರು.

"ನನಗ ಅವತ್ತ ಗೊತ್ತಾತ್ರಿ. ಕೂಟ ಮುಗದ ಮ್ಯಾಲ ಹೋಗಿ ಯಂತ್ರ ತಗದು ನೋಡಿದೆ. ಆಡಿಯೋ ಗುಂಪಿನಾಗ ಒಂದ ಹೆಸರಿತ್ತು. ನಿಮ್ದು. ತಗದ ಬಿಟ್ಟೆ."

"ಯಾರಿಗೂ ಯಾಕೆ ಹೇಳಲಿಲ್ಲ ಮೇಡಂ?"

"ನಿಮ್ಮ ಹೆಸರು ನಾ ಹ್ಯಾಂಗ ಹೇಳಲಿ? ಅದು ನೀವು ಹೇಳೂದು. ಹೇಳ್ತೀರಿ ಅಂತ ಒಂದ ವಾರ ಕಾಯ್ದೆ," ಎಂದು ಒಂದು ಕಾಯಿ ಬಿಡಿಸಿದರು. "ಆಮ್ಯಾಲ ಕಾಯೋದು ಬಿಟ್ಟೆ."

ಬೈಯುವ ದನಿ ಅದಲ್ಲ. ಬೈದರೆಂದು ಬರೆಯಲು ನನಗೆ ಆಸೆ ಇದೆ.

"ಈಗ ಹೇಳ್ತೀನಿ. ಸಂಘದಲ್ಲಿ ಎಲ್ಲರ ಮುಂದೆ..."

"ಸಂಘದವರು ಏನರ ಅನ್ಕೊಳ್ಳಲಿ ಬಿಡ್ರಿ. ಅವರು ಮೊದಲಿಂದ ಅನ್ನತಿದ್ರು. ಆ ಹುಡುಗಿ ಒಂದೇ ನನ್ನ ನಂಬಿತ್ತು. ಆಕಿ ಮುಂದ ನನ್ನ ಹೆಸರು ಕೆಟ್ಟದ. ಆಕಿಗೆ ಹೇಳ್ರಿ, ಸಾಕು."

ಹೇಳುತ್ತೇನೆ ಎಂದೆ. ಅವರು ಚಹಾ ಮಾಡಿಸಿದರು. ಮಗಳ ಕಂಪ್ಯೂಟರಿನ ಬಗ್ಗೆ, ಸೂರತ್ತಿನ ಸೆಖೆಯ ಬಗ್ಗೆ ಮಾತಾಡಿದೆವು. ಹೊರಡುವಾಗ ಬಾಗಿಲಿನವರೆಗೆ ಬಂದು, "ನಂಬರ್ ಅದನೋ ಇಲ್ಲೋ ಆಕಿದು?" ಎಂದು ಕೇಳಿದರು. ಇದೆ ಎಂದೆ. ಇತ್ತು.

ಫೋನು ಮಾಡಲಿಲ್ಲ. ಮೊದಲ ವಾರ ತಪಾಸಣೆಯ ವರದಿ ಇತ್ತು. ಆಮೇಲೆ ಅವಳಿಗೆ ಮದುವೆ ನಿಶ್ಚಯವಾಗಿದೆಯೆಂದು ಕೇಳಿ, ಈಗ ಬೇಡವೆಂದುಕೊಂಡೆ. ಆಮೇಲೆ ಯಾವ ಕಾರಣವೂ ಇರಲಿಲ್ಲ. ಮೂರು ವರ್ಷ ಹೀಗೆ ಹೋಯಿತು. ಈ ನಡುವೆ ಅವರು ನನಗೆ ಎರಡು ಸಲ ಫೋನು ಮಾಡಿದ್ದರು, ಎರಡು ಸಲವೂ ಆ ವಿಷಯ ಕೇಳಲಿಲ್ಲ. ನಾನು ಹೇಳುವುದಕ್ಕೆ ಒಂದು ನಿಮಿಷ ಜಾಗ ಬಿಟ್ಟು, ಏನೂ ಬರದಿದ್ದಾಗ, "ಇಡಲೇನ್ರಿ?" ಎಂದು ಕೇಳಿ ಇಟ್ಟರು.

ಅವರ ಮಗಳ ಫೋನು ಬಂದ ದಿನ ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಬ್ಯಾಂಕಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಸುನೀತಾಳ ನಂಬರಿಗೆ ಮಾಡಿದೆ. ಎತ್ತಿದಳು. ಹಿಂದೆ ಯಾವುದೋ ಯಂತ್ರದ ಸದ್ದಿತ್ತು. ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. ಮೇಡಂ ತೀರಿಕೊಂಡರು ಎಂದೆ.

"ಅಚ್ಛಾ," ಎಂದಳು. ಆಮೇಲೆ, "ಇಲ್ಲಿಗೆ ಬಂದಿದ್ರು ಒಂದ್ಸಲ. ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ.

"ಸೂರತ್‌ಗೆ ಹೋಗೋಕ್ಕಿಂತ ಮೊದ್ಲು. ಬಸ್ಸಲ್ಲಿ ಬಂದು ಫ್ಯಾಕ್ಟರಿ ಗೇಟ್ ಹತ್ರ ನಿಂತಿದ್ರು, ಬಿಸಿಲಲ್ಲಿ. ನಾನು ಮಾಡಿಲ್ಲವ್ವಾ ಅಂದ್ರು. ನಾನು ಗುಜರಾತಿಲೇ ಕೇಳ್ದೆ, ತೋ ಕೋಣ್? ಯಾರು ಮಾಡಿದ್ದು, ಹೆಸ್ರು ಹೇಳಿ ಅಂತ. ಸುಮ್ಮನೆ ನಿಂತ್ರು. ಹೇಳೋಕೆ ಹೆಸ್ರೇ ಇಲ್ಲ ಅಂದ್ಮೇಲೆ ಸುಳ್ಳು ಅಲ್ವಾ? ಜಾವ್, ಹೋಗಿ ಅಂದ್ಬಿಟ್ಟೆ. ಅವ್ರ ಕೈಲಿ ಒಂದು ಕಾಪಿ ಪುಸ್ತಕ ಇತ್ತು, ಅಕ್ಷರ ಬರ್ಕೊಂಡು ಬಂದಿದ್ರು ನನಗೆ. ಅದನ್ನೂ ತಗೊಳ್ಳಿಲ್ಲ ನಾನು."

"ಸುನೀತಾ, ಅದನ್ನು ಮಾಡಿದ್ದು ನಾನು."

ಲಕೋಟೆಯಿಂದ ಹಿಡಿದು ಚಹಾದ ಕಪ್ಪುಗಳವರೆಗೆ ಹೇಳಿದೆ. ಈ ಸಲ ಎದ್ದು ನಿಂತೆನೆಂದು ಹೇಳಲಿಲ್ಲ. ಹಿಂದಿನ ಸದ್ದು ನಿಂತಿತು, ಎಲ್ಲೋ ಹೊರಗೆ ಬಂದಿದ್ದಳೆಂದು ತೋರುತ್ತದೆ.

"ಆಂಟಿಗೆ ಗೊತ್ತಿತ್ತಾ, ನೀವು ಅಂತ?"

"ಗೊತ್ತಿತ್ತು."

"ಗೇಟ್ ಹತ್ರ ಬಂದಾಗ?"

"ಆಗಲೂ ಗೊತ್ತಿತ್ತು."

ಅವಳು ಅತ್ತಳೋ ಇಲ್ಲವೋ ನನಗೆ ತಿಳಿಯದು. ಅತ್ತಳೆಂದು ಬರೆದರೆ ಓದುವವರಿಗೆ ಸಮಾಧಾನವಾದೀತು.

"ಅವರ ಮಗಳ ನಂಬರ್ ಕೊಡಿ," ಎಂದಳು.

ಕೊಟ್ಟೆ. ಒಂದೊಂದೇ ಅಂಕಿ ತಿರುಗಿ ಹೇಳಿ ಬರೆದುಕೊಂಡಳು.

"ಅವರಿಗೆ ಏನು ಹೇಳ್ತೀಯಾ?" ಎಂದು ಕೇಳಿದೆ.

"ಅದು ನಿಮಗ್ಯಾಕೆ ಅಂಕಲ್?" ಎಂದು ಫೋನು ಇಟ್ಟಳು.